ಮದ್ದು ಸೋತಲ್ಲಿಂದ ಶುರುವಾದ ಸಂಶೋಧನೆ

2001ರ ಮೇ 10ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಕ್ಯಾನ್ಸರ್ ಮಾತ್ರೆಗೆ ಒಪ್ಪಿಗೆ ಕೊಟ್ಟಿತು. ಅದರ ಹೆಸರು ಇಮ್ಯಾಟಿನಿಬ್. ನೊವಾರ್ಟಿಸ್ ಕಂಪನಿ ಅದನ್ನು ಗ್ಲಿವೆಕ್ ಎಂದು ಮಾರಿತು. ಅರ್ಜಿ ಸಲ್ಲಿಸಿ ಮೂರು ತಿಂಗಳೂ ತುಂಬುವ ಮೊದಲೇ ಒಪ್ಪಿಗೆ ಸಿಕ್ಕಿತ್ತು. ಅದೇ ತಿಂಗಳು ಟೈಮ್ ಪತ್ರಿಕೆ ಆ ಮಾತ್ರೆಗಳ ಚಿತ್ರವನ್ನೇ ಮುಖಪುಟಕ್ಕೆ ಹಾಕಿತು. ಆ ಸಂಭ್ರಮ ಇನ್ನೂ ಆರಿರಲಿಲ್ಲ, ಆಗಸ್ಟ್‌ನಲ್ಲಿ ಸೈನ್ಸ್ ನಿಯತಕಾಲಿಕದಲ್ಲಿ ಒಂದು ಚಿಕ್ಕ ಪ್ರಬಂಧ ಪ್ರಕಟವಾಯಿತು. ಅದೇ ಮಾತ್ರೆ ನುಂಗಿ ಮೊದಲು ಚೇತರಿಸಿಕೊಂಡು, ಆಮೇಲೆ ಮತ್ತೆ ಕಾಯಿಲೆ ಮರುಕಳಿಸಿದ 11 ಮಂದಿಯ ರಕ್ತಕಣಗಳಲ್ಲಿ ಏನು ನಡೆದಿತ್ತು ಎಂಬುದು ಅದರ ವಿಷಯ. ಮೊದಲನೆಯ ಸುದ್ದಿಯನ್ನು ಜಗತ್ತೆಲ್ಲ ಓದಿತು, ಎರಡನೆಯದನ್ನು ಓದಿದವರು ತಜ್ಞರು ಮಾತ್ರ. ಆದರೆ ಕ್ಯಾನ್ಸರ್ ಔಷಧಗಳು ಯಾಕೆ ಸೋಲುತ್ತವೆ, ಸೋತ ಮೇಲೆ ಏನು ಮಾಡಬಹುದು ಎಂಬ ಪ್ರಶ್ನೆಗೆ ದಾರಿ ತೋರಿಸಿದ್ದು ಆ ಎರಡನೆಯ ಬರಹವೇ. ಗುರಿಯಿಟ್ಟು ಹೊಡೆಯುವ ಔಷಧ ಕೈಕೊಟ್ಟಾಗ ಗುರಿಯೇ ತಪ್ಪಿತ್ತೆಂದು ತೀರ್ಮಾನಿಸುವುದು ಅವಸರದ ಮಾತು. ಎಷ್ಟೋ ಸಲ ಗುರಿ ಸರಿಯಾಗಿತ್ತು ಎಂಬುದಕ್ಕೆ ಆ ಸೋಲೇ ಅತ್ಯಂತ ಗಟ್ಟಿ ಸಾಕ್ಷಿ. ಇದು ಈ ಲೇಖನದ ವಾದ. ಆ ವಾದಕ್ಕೆ ಆಧಾರ ಒಬ್ಬ ವೈದ್ಯನ ವೃತ್ತಿಜೀವನ.

ಆ ವೈದ್ಯರ ಹೆಸರು ಚಾರ್ಲ್ಸ್ ಸಾಯರ್ಸ್. 1959ರಲ್ಲಿ ಟೆನೆಸಿ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಹುಟ್ಟಿದವರು. ಪ್ರಿನ್ಸ್‌ಟನ್‌ನಲ್ಲಿ ಪದವಿ, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಶಿಕ್ಷಣ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತರಬೇತಿ ಮುಗಿಸಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಓವೆನ್ ವಿಟ್ಟೆ ಅವರ ಪ್ರಯೋಗಾಲಯದಲ್ಲಿ ಸಂಶೋಧನೆ ಕಲಿತರು. ವಾರ್ಡಿನಲ್ಲಿ ರೋಗಿಯನ್ನು ನೋಡುವುದು, ಅದೇ ರೋಗಿಯ ಕಣಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು, ಈ ಎರಡು ಕೆಲಸವನ್ನೂ ಒಬ್ಬರೇ ಮಾಡುವ ವೈದ್ಯರ ಪಂಗಡ ಚಿಕ್ಕದು. ಸಾಯರ್ಸ್ ಆ ಪಂಗಡದವರು. ಅವರ ಕಥೆಯಲ್ಲಿ ಇದು ಅಲಂಕಾರದ ವಿವರ ಅಲ್ಲ. ಔಷಧಕ್ಕೆ ಜಗ್ಗದ ಕಾಯಿಲೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಕಾಯಿಲೆ ಮರುಕಳಿಸಿದ ದಿನವೇ ರೋಗಿಯ ರಕ್ತ ಪ್ರಯೋಗಾಲಯಕ್ಕೆ ತಲುಪಬೇಕು. ಚಿಕಿತ್ಸೆ ಕೊಡುವವರೂ ಸಂಶೋಧನೆ ಮಾಡುವವರೂ ಬೇರೆ ಬೇರೆ ಕಟ್ಟಡಗಳಲ್ಲಿ ಪರಸ್ಪರ ಪರಿಚಯವೇ ಇಲ್ಲದೆ ಕೂತಿದ್ದರೆ ಆ ರಕ್ತ ಚರಂಡಿಗೆ ಹೋಗುತ್ತದೆ.

ಕಾಯಿಲೆಯ ಹಿನ್ನೆಲೆ ಸ್ವಲ್ಪ ತಿಳಿದರೆ ಮುಂದಿನದು ಸುಲಭ. ಸಿಎಂಎಲ್ ಎನ್ನುವುದು ಒಂದು ಬಗೆಯ ಬ್ಲಡ್ ಕ್ಯಾನ್ಸರ್. ಕೆಲವು ವರ್ಷ ನಿಧಾನವಾಗಿ ಸಾಗಿ, ಕೊನೆಗೆ ‘ಬ್ಲಾಸ್ಟ್ ಕ್ರೈಸಿಸ್’ ಎಂಬ ಉಗ್ರ ಹಂತಕ್ಕೆ ತಿರುಗುತ್ತದೆ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಕಣಗಳಲ್ಲಿ ಅಸಹಜವಾಗಿ ಚಿಕ್ಕದಾದ ಒಂದು ವರ್ಣತಂತುವನ್ನು ಕಂಡರು. ಅದು ಹೇಗೆ ಹುಟ್ಟುತ್ತದೆಂದು 1973ರಲ್ಲಿ ಶಿಕಾಗೋದ ಜ್ಯಾನೆಟ್ ರೌಲಿ ತೋರಿಸಿದರು: 9 ಮತ್ತು 22ನೆಯ ವರ್ಣತಂತುಗಳು ತುಂಡಾಗಿ, ತುಂಡುಗಳು ಅದಲುಬದಲಾಗಿ ಅಂಟಿಕೊಂಡಿದ್ದವು. ಆ ಅಂಟಿನ ಜಾಗದಲ್ಲಿ ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟುತ್ತದೆ. ಅದರಿಂದ ತಯಾರಾಗುವ ಕಿಣ್ವ ಬಿಳಿರಕ್ತಕಣಗಳಿಗೆ ‘ಬೆಳೆ, ಇಬ್ಭಾಗವಾಗು’ ಎಂದು ಬಿಡುವಿಲ್ಲದೆ ಆದೇಶ ಕೊಡುತ್ತಿರುತ್ತದೆ. ಇಮ್ಯಾಟಿನಿಬ್ ಆ ಕಿಣ್ವದ ಒಂದು ಸಂದಿಯಲ್ಲಿ ಹೋಗಿ ಕೂತು ಅದನ್ನು ಸ್ತಬ್ಧಗೊಳಿಸುತ್ತದೆ. ಕಂಪನಿಯೊಳಗೆ ನಿಕೊಲಸ್ ಲೈಡನ್, ಆರೆಗಾನ್‌ನಲ್ಲಿ ಬ್ರಯನ್ ಡ್ರೂಕರ್ ಈ ಮದ್ದಿನ ಬೆನ್ನುಹತ್ತಿದವರು; 1998ರಲ್ಲಿ ರೋಗಿಗಳ ಮೇಲೆ ಪರೀಕ್ಷೆ ಶುರುವಾದಾಗ ಡ್ರೂಕರ್ ಜೊತೆ ಸಾಯರ್ಸ್ ಕೂಡ ಇದ್ದರು. ನಿಧಾನದ ಹಂತದಲ್ಲಿದ್ದು 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣ ಪಡೆದ 54 ರೋಗಿಗಳಲ್ಲಿ 53 ಮಂದಿಯ ರಕ್ತಕಣಗಳ ಎಣಿಕೆ ಸಹಜಕ್ಕೆ ಮರಳಿತು. ಉಗ್ರ ಹಂತದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಗುಣ ಕಂಡಿತು. ಆದರೆ ಅವರಲ್ಲಿ ಹೆಚ್ಚಿನವರಿಗೆ ಆ ಗುಣ ಉಳಿಯಲಿಲ್ಲ.

ಇಲ್ಲಿ ಎರಡು ವಿವರಣೆ ಸಾಧ್ಯವಿತ್ತು. ಉಗ್ರ ಹಂತ ತಲುಪುವ ಹೊತ್ತಿಗೆ ಕ್ಯಾನ್ಸರ್ ಕಣಗಳಲ್ಲಿ ಬೇರೆ ಹತ್ತಾರು ಕೆಡುಕುಗಳು ಸೇರಿಕೊಂಡಿರುತ್ತವೆ, ಅವಕ್ಕೆ ಈಗ ಬಿಸಿಆರ್-ಎಬಿಎಲ್‌ನ ಹಂಗೇ ಇಲ್ಲ ಎನ್ನುವುದು ಒಂದು. ಹಲವರ ಊಹೆ ಇದೇ ಆಗಿತ್ತು, ತರ್ಕಕ್ಕೂ ಒಪ್ಪುವಂತಿತ್ತು. ಅದು ನಿಜವಾಗಿದ್ದರೆ ಒಂದು ಗುರಿಗೆ ಒಂದು ಮದ್ದು ಎಂಬ ಇಡೀ ಯೋಜನೆಯೇ ಅಲ್ಲಿಗೆ ಮುಗಿಯುತ್ತಿತ್ತು. ಎರಡನೆಯದು, ಕಣಗಳು ಇನ್ನೂ ಅದೇ ಕಿಣ್ವವನ್ನು ನೆಚ್ಚಿಕೊಂಡಿವೆ, ಮದ್ದು ಮಾತ್ರ ಅದನ್ನು ಹಿಡಿಯಲಾಗುತ್ತಿಲ್ಲ ಎನ್ನುವುದು. ಯಾವುದು ನಿಜ ಎಂದು ವಾದಿಸಿ ತಿಳಿಯುವಂತಿರಲಿಲ್ಲ, ಅಳೆಯಬೇಕಿತ್ತು. ಸಾಯರ್ಸ್ ಪ್ರಯೋಗಾಲಯದ ವಿದ್ಯಾರ್ಥಿನಿ ಮರ್ಸಿಡಿಸ್ ಗೋರ್ ಮತ್ತು ಸಂಗಡಿಗರು ಅಳೆದರು. ಬಿಸಿಆರ್-ಎಬಿಎಲ್ ಕೆಲಸ ಮಾಡುತ್ತಿರುವಾಗ ಅದು ಪಕ್ಕದ ಇನ್ನೊಂದು ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಆ ಗುರುತು ಇದೆಯೋ ಇಲ್ಲವೋ ನೋಡಿದರೆ ಕಿಣ್ವ ಎಚ್ಚರವಾಗಿದೆಯೋ ಮಲಗಿದೆಯೋ ಗೊತ್ತಾಗುತ್ತದೆ. ಪರೀಕ್ಷಿಸಿದ ರೋಗಿಗಳೆಲ್ಲರಲ್ಲೂ ಕಿಣ್ವ ಮತ್ತೆ ಎಚ್ಚರಗೊಂಡಿತ್ತು. ಜೀನ್ ಓದಿಸಿದ 9 ಮಂದಿಯಲ್ಲಿ 6 ಮಂದಿಗೆ ಒಂದೇ ಬದಲಾವಣೆ: ಕಿಣ್ವದ 315ನೆಯ ಸ್ಥಾನದಲ್ಲಿ ಇರಬೇಕಾಗಿದ್ದ ಥ್ರಿಯೊನಿನ್ ಎಂಬ ಅಮೈನೋ ಆಮ್ಲ ಹೋಗಿ ಐಸೊಲ್ಯೂಸಿನ್ ಬಂದು ಕೂತಿತ್ತು. ಜೀನ್‌ನ ಒಂದೇ ಒಂದು ಅಕ್ಷರ ತಿದ್ದಿದ್ದಕ್ಕೆ ಇಷ್ಟು. ಐಸೊಲ್ಯೂಸಿನ್ ಮದ್ದು ಕೂರುವ ಸಂದಿಗೆ ಅಡ್ಡ ಬರುತ್ತದೆ, ಕಿಣ್ವದ ಕೆಲಸಕ್ಕೆ ಮಾತ್ರ ಅಡ್ಡಿ ಮಾಡುವುದಿಲ್ಲ. ಇನ್ನು ಮೂವರಲ್ಲಿ ಅದೇ ಜೀನ್‌ನ ಪ್ರತಿಗಳು ಹೆಚ್ಚಾಗುತ್ತ ಹೋಗಿದ್ದವು. ಮರುವರ್ಷ ನೀಲ್ ಶಾ ಅದೇ ಪ್ರಯೋಗಾಲಯದಿಂದ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಮರುಕಳಿಸಿದ 32 ಮಂದಿಯ ಪೈಕಿ 29 ಮಂದಿಯಲ್ಲಿ ಇದೇ ಕಿಣ್ವದ ಒಂದಲ್ಲ ಒಂದು ಜಾಗದಲ್ಲಿ ಬದಲಾವಣೆ ಸಿಕ್ಕಿತು. ಈ ಅಂಕಿಗಳನ್ನು ಮತ್ತೊಮ್ಮೆ ಓದಬೇಕು. ಕ್ಯಾನ್ಸರ್ ತಪ್ಪಿಸಿಕೊಳ್ಳಲು ಸಾವಿರಾರು ಜೀನ್‌ಗಳ ಪೈಕಿ ಯಾವುದನ್ನಾದರೂ ಆರಿಸಬಹುದಿತ್ತು. ಮದ್ದು ಎಲ್ಲಿ ಹೊಡೆಯುತ್ತಿತ್ತೋ ಅಲ್ಲೇ ಅದು ಮತ್ತೆ ಮತ್ತೆ ಬದಲಾಯಿತು. ಗುರಿ ಸರಿಯಾಗಿತ್ತೆಂದು ರೋಗವೇ ಬರೆದುಕೊಟ್ಟ ಮುಚ್ಚಳಿಕೆ ಇದು.

ಇಂಥ ಬದಲಾವಣೆಯನ್ನು ಮದ್ದೇ ಹುಟ್ಟಿಸಿತೇ ಎಂಬ ಅನುಮಾನ ರೋಗಿಗಳ ಮನೆಯವರಲ್ಲಿ ಸಾಮಾನ್ಯ. ಮಾತ್ರೆ ತಿಂದೇ ಕಾಯಿಲೆ ಹಟಮಾರಿಯಾಯಿತು ಎನ್ನುವವರಿದ್ದಾರೆ. 1943ರಲ್ಲಿ ಸಾಲ್ವಡಾರ್ ಲೂರಿಯಾ ಮತ್ತು ಮ್ಯಾಕ್ಸ್ ಡೆಲ್‌ಬ್ರೂಕ್ ಬ್ಯಾಕ್ಟೀರಿಯಾಗಳ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿದೆ: ವೈರಸ್ ದಾಳಿಯನ್ನು ತಾಳಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳು ದಾಳಿಗೆ ಮೊದಲೇ ಅಲ್ಲಿದ್ದವು, ದಾಳಿ ಅವನ್ನು ಆರಿಸಿತಷ್ಟೆ. ಒಂದೇ ಕೀಟನಾಶಕವನ್ನು ವರ್ಷಗಟ್ಟಲೆ ಹೊಡೆದು ಕಾಯಿಕೊರಕವನ್ನು ಎದುರಿಸಿದ ಹತ್ತಿ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಸಾಯದೆ ಉಳಿದ ನಾಲ್ಕು ಹುಳುವಿನ ಸಂತಾನವೇ ಮರುವರ್ಷ ಹೊಲ ತುಂಬುತ್ತದೆ. ಮುಂದುವರಿದ ಬ್ಲಡ್ ಕ್ಯಾನ್ಸರಿನಲ್ಲಿ ಕೆಟ್ಟ ಕಣಗಳ ಸಂಖ್ಯೆ ಲಕ್ಷ ಕೋಟಿಯ ಆಸುಪಾಸಿಗೆ ಹೋಗಬಲ್ಲದು. ಅಷ್ಟು ದೊಡ್ಡ ಸಂಖ್ಯೆಯಲ್ಲಿ, ಮದ್ದಿಗೆ ಜಗ್ಗದ ಕೆಲವು ಕಣಗಳು ಮೊದಲ ಮಾತ್ರೆ ನುಂಗುವ ಮೊದಲೇ ಇದ್ದರೆ ಆಶ್ಚರ್ಯವಿಲ್ಲ. ನಿಧಾನದ ಹಂತದಲ್ಲೇ ಚಿಕಿತ್ಸೆ ಶುರುವಾದವರಿಗೆ ಮದ್ದು ಹೆಚ್ಚು ಕಾಲ ನಿಲ್ಲುವುದಕ್ಕೆ ಒಂದು ಕಾರಣ ಇದೇ.

ಕಾರಣ ಗೊತ್ತಾದ ಮೇಲೆ ಕೆಲಸ ಸ್ಪಷ್ಟವಾಯಿತು. ಇಮ್ಯಾಟಿನಿಬ್ ಹೇಗೆ ಕಿಣ್ವವನ್ನು ಹಿಡಿಯುತ್ತದೆಂದು ಜಾನ್ ಕುರಿಯನ್ ತಂಡ 2000ದಲ್ಲೇ ಹರಳಿನ ರಚನೆಯಿಂದ ತೋರಿಸಿತ್ತು: ಕಿಣ್ವ ನಿಷ್ಕ್ರಿಯ ಭಂಗಿಯಲ್ಲಿದ್ದಾಗ ಮಾತ್ರ ಆ ಮದ್ದು ಒಳಗೆ ಕೂರುತ್ತದೆ. ಹಾಗಾದರೆ ಸಕ್ರಿಯ ಭಂಗಿಯಲ್ಲಿದ್ದಾಗಲೂ ಹಿಡಿಯಬಲ್ಲ ಮದ್ದು ಬೇಕು. ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕಂಪನಿಯ ರಸಾಯನಜ್ಞರ ಬಳಿ ಅಂಥದ್ದೊಂದು ಇತ್ತು. ಅದನ್ನು ಪರೀಕ್ಷಿಸಿದ ಶಾ ಮತ್ತು ಸಾಯರ್ಸ್, ಇಮ್ಯಾಟಿನಿಬ್‌ಗೆ ಜಗ್ಗದ 15 ರೂಪಗಳಲ್ಲಿ 14ನ್ನು ಅದು ಅಡಗಿಸುತ್ತದೆಂದು 2004ರಲ್ಲಿ ಪ್ರಕಟಿಸಿದರು. ಎರಡು ವರ್ಷದಲ್ಲಿ ಅದಕ್ಕೆ ಅನುಮೋದನೆಯೂ ಸಿಕ್ಕಿತು. ಹೆಸರು ಡಾಸಾಟಿನಿಬ್, ಕಂಪನಿಯ ರಸಾಯನಜ್ಞ, ಭಾರತ ಮೂಲದ ಜಗಬಂಧು ದಾಸ್ ಅವರ ಹೆಸರಿನಿಂದ ಬಂದದ್ದು. ಉಳಿದುಕೊಂಡ ಹದಿನೈದನೆಯ ರೂಪ ಯಾವುದೆಂದರೆ, ಗೋರ್ ಮೊದಲು ಕಂಡ ಅದೇ 315.

ಇಲ್ಲಿ ಓದುಗರು ಕೇಳುವ ಪ್ರಶ್ನೆ ನ್ಯಾಯವಾದದ್ದೇ: ಇದು ಮುಗಿಯದ ಆಟ ಅಲ್ಲವೇ? ಒಂದು ಮದ್ದು ತಂದರೆ ಒಂದು ಬದಲಾವಣೆ, ಅದಕ್ಕೊಂದು ಮದ್ದು ತಂದರೆ ಮತ್ತೊಂದು. ಸಿಎಂಎಲ್ ಮಟ್ಟಿಗೆ ಉತ್ತರ ‘ಅಲ್ಲ’. ಕಿಣ್ವ ತನ್ನ ಕೆಲಸ ಮಾಡಬೇಕು, ಮದ್ದಿನಿಂದಲೂ ತಪ್ಪಿಸಿಕೊಳ್ಳಬೇಕು. ಈ ಎರಡೂ ಒಟ್ಟಿಗೆ ಸಾಧ್ಯವಾಗುವ ಬದಲಾವಣೆಗಳು ಬೆರಳೆಣಿಕೆಯಷ್ಟಲ್ಲದಿದ್ದರೂ ಎಣಿಸಿ ಮುಗಿಯುವಷ್ಟು. 2012ರಲ್ಲಿ ಬಂದ ಪೊನಾಟಿನಿಬ್ 315ನ್ನೂ ಹಿಡಿಯಿತು. 2021ರಲ್ಲಿ ಬಂದ ಅಸಿಮಿನಿಬ್ ಆ ಸಂದಿಯನ್ನೇ ಬಿಟ್ಟು ಕಿಣ್ವದ ಬೇರೊಂದು ಜಾಗದಲ್ಲಿ ಕೂರುತ್ತದೆ. ಈ ಎರಡನೆಯ, ಮೂರನೆಯ ಸಾಲಿನ ಮದ್ದುಗಳ ಬೆಂಬಲ ಇರುವುದರಿಂದಲೂ ಮೊದಲ ಮದ್ದಿನ ಬಲದಿಂದಲೂ, ದೊಡ್ಡ ಅಧ್ಯಯನವೊಂದರಲ್ಲಿ ಇಮ್ಯಾಟಿನಿಬ್‌ನಿಂದ ಚಿಕಿತ್ಸೆ ಶುರುಮಾಡಿದವರ ಪೈಕಿ ನೂರಕ್ಕೆ 83 ಮಂದಿ ಹತ್ತು ವರ್ಷ ದಾಟಿಯೂ ಬದುಕಿದ್ದರು. ಇದಕ್ಕೆ ಮೊದಲು ಇದೇ ಕಾಯಿಲೆಯವರ ಆಯಸ್ಸನ್ನು ವೈದ್ಯರು ಕೆಲವೇ ವರ್ಷಗಳಲ್ಲಿ ಎಣಿಸುತ್ತಿದ್ದರು.

ಇದಕ್ಕಿಂತ ಗಟ್ಟಿ ಆಕ್ಷೇಪ ಇನ್ನೊಂದಿದೆ. ಸಿಎಂಎಲ್ ಒಂದೇ ಜೀನ್‌ನಿಂದ ನಡೆಯುವ ಸರಳ ಕ್ಯಾನ್ಸರ್. ಅಲ್ಲಿ ಗೆದ್ದದ್ದನ್ನು ತೋರಿಸಿ ಎಲ್ಲಕ್ಕೂ ನಿಯಮ ಮಾಡುವುದು ಸರಿಯೇ? ಸಾಯರ್ಸ್ ಅವರ ಎರಡನೆಯ ಅಧ್ಯಾಯ ಈ ಆಕ್ಷೇಪಕ್ಕೆ ಅರ್ಧ ಉತ್ತರ, ಅರ್ಧ ಒಪ್ಪಿಗೆ. ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನಿನಿಂದ ಬೆಳೆಯುತ್ತದೆ, ಹಾರ್ಮೋನು ತಡೆದರೆ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ 1941ರಲ್ಲೇ ತೋರಿಸಿ, 1966ರಲ್ಲಿ ನೊಬೆಲ್ ಪಡೆದಿದ್ದರು. ಆದರೆ ಹಾರ್ಮೋನು ತಡೆದ ಮೇಲೂ ಕಾಯಿಲೆ ಮರಳುತ್ತಿತ್ತು. ಅದಕ್ಕೆ ವೈದ್ಯರು ಇಟ್ಟ ಹೆಸರು ‘ಹಾರ್ಮೋನಿನ ಹಂಗಿಲ್ಲದ’ ಕ್ಯಾನ್ಸರ್. ಹೆಸರಿನೊಳಗೇ ತೀರ್ಪು ಸೇರಿಹೋಗಿತ್ತು, ಆ ತೀರ್ಪನ್ನು ಪರೀಕ್ಷಿಸುವ ಗೋಜಿಗೆ ಹೋದವರು ಕಡಿಮೆ. ಬ್ಲಡ್ ಕ್ಯಾನ್ಸರಿನಲ್ಲಿ ಕೇಳಿದ ಪ್ರಶ್ನೆಯನ್ನೇ ಸಾಯರ್ಸ್ ಇಲ್ಲಿಯೂ ಕೇಳಿದರು: ಹಂಗು ನಿಜವಾಗಿ ಹೋಗಿದೆಯೇ? ಇಲಿಗಳಲ್ಲಿ ಬೆಳೆಸಿದ ಏಳು ಜೋಡಿ ಗೆಡ್ಡೆಗಳನ್ನು, ಅಂದರೆ ಮದ್ದಿಗೆ ಬಗ್ಗುವ ಒಂದು, ಬಗ್ಗದ ಒಂದು ಹೀಗೆ, ಅವರ ತಂಡ ಹೋಲಿಸಿ ನೋಡಿತು. ಸಾವಿರಾರು ಜೀನ್‌ಗಳಲ್ಲಿ ಏಳಕ್ಕೆ ಏಳರಲ್ಲೂ ಹೆಚ್ಚಾಗಿದ್ದದ್ದು ಒಂದೇ: ಹಾರ್ಮೋನನ್ನು ಹಿಡಿಯುವ ರಿಸೆಪ್ಟರ್‌ನ ಜೀನ್. ಕಣಗಳು ಹಾರ್ಮೋನನ್ನು ಬಿಟ್ಟಿರಲಿಲ್ಲ, ಅಳಿದುಳಿದ ಹನಿ ಹಾರ್ಮೋನನ್ನೂ ಬಿಡದೆ ಹಿಡಿಯಲು ರಿಸೆಪ್ಟರ್ ಹೆಚ್ಚಿಸಿಕೊಂಡಿದ್ದವು. ಇನ್ನೊಂದು ಸೋಜಿಗ: ರಿಸೆಪ್ಟರ್ ಹೆಚ್ಚಾದ ಕಣಗಳಲ್ಲಿ, ಆಗ ಬಳಕೆಯಲ್ಲಿದ್ದ ತಡೆಮದ್ದು ಬೈಕಾಲುಟಮೈಡ್ ತಡೆಯುವ ಬದಲು ಪ್ರಚೋದಿಸುತ್ತಿತ್ತು.

2004ರ ಈ ಫಲಿತಾಂಶದ ಆಧಾರದ ಮೇಲೆ ಸಾಯರ್ಸ್ ಅದೇ ವಿಶ್ವವಿದ್ಯಾಲಯದ ರಸಾಯನಜ್ಞ ಮೈಕಲ್ ಜಂಗ್ ಜೊತೆ ಸೇರಿದರು. ರಿಸೆಪ್ಟರ್ ಹೆಚ್ಚಿರುವ ಕಣಗಳಲ್ಲೇ ಪರೀಕ್ಷಿಸುತ್ತ ಸುಮಾರು 200 ಸಂಯುಕ್ತಗಳನ್ನು ಮಾಡಿ ನೋಡಿದರು. ಮಾಮೂಲಿ ಕಣಗಳಲ್ಲಿ ಪರೀಕ್ಷಿಸಿ ಆಮೇಲೆ ಹಟಮಾರಿ ಕಾಯಿಲೆಗೆ ಕೊಡುವ ರೂಢಿಯನ್ನು ತಲೆಕೆಳಗು ಮಾಡಿದ್ದೇ ಇಲ್ಲಿನ ಜಾಣ್ಮೆ ಎಂದು ನನಗನ್ನಿಸುತ್ತದೆ. ಹೊರಬಂದದ್ದು ಎನ್‌ಜಾಲುಟಮೈಡ್. ಕೀಮೋ ಮುಗಿದು ಬೇರೆ ದಾರಿಯಿಲ್ಲದ 1,199 ಪುರುಷರ ಮೇಲಿನ ಪರೀಕ್ಷೆಯಲ್ಲಿ ಬದುಕಿನ ಮಧ್ಯಾಂಕ 13.6 ತಿಂಗಳಿನಿಂದ 18.4ಕ್ಕೆ ಏರಿತು; 2012ರ ಆಗಸ್ಟ್‌ನಲ್ಲಿ ಅನುಮೋದನೆ ಸಿಕ್ಕಿತು. ಐದು ತಿಂಗಳು ದೊಡ್ಡ ಸಂಗತಿಯೇ ಎಂದು ಮೂಗು ಮುರಿಯುವವರಿಗೆ ಒಂದು ಮಾತು: ಕೊನೆಯ ಹಂತದಲ್ಲಿ ಗೆದ್ದ ಮದ್ದನ್ನು ಮೊದಲ ಹಂತಕ್ಕೆ ತಂದಾಗ ಲಾಭ ಹಿಗ್ಗುತ್ತದೆ. 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿಗೆ ಆರಂಭದಲ್ಲೇ ಇದನ್ನು ಕೊಟ್ಟಾಗ ಮೂರು ವರ್ಷ ದಾಟಿದವರು ನೂರಕ್ಕೆ 80. ಹಳೆಯ ಮದ್ದಿನ ಗುಂಪಿನಲ್ಲಿ 72.

ಹಾಗೆಂದು ಇಲ್ಲಿ ಗೆಲುವು ಸಿಎಂಎಲ್‌ನಷ್ಟು ಸಲೀಸಲ್ಲ. 2006ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರಕ್ಕೆ ಹೋದ ಮೇಲೆ ಸಾಯರ್ಸ್ ತಂಡವೇ ತನ್ನ ಮದ್ದು ಸೋಲುವ ಬಗೆಗಳನ್ನು ಒಂದೊಂದಾಗಿ ಹೊರತೆಗೆಯಿತು. ರಿಸೆಪ್ಟರ್‌ನಲ್ಲೇ ಆಗುವ ಬದಲಾವಣೆ ಒಂದು. ಅದರ ಕೆಲಸವನ್ನು ಸ್ಟೀರಾಯ್ಡ್ ಹಿಡಿಯುವ ಇನ್ನೊಂದು ರಿಸೆಪ್ಟರ್ ವಹಿಸಿಕೊಳ್ಳುವುದು ಮತ್ತೊಂದು. ಇವೆರಡೂ 2013ರಲ್ಲಿ ಪ್ರಕಟವಾದವು. 2017ರಲ್ಲಿ ತೋರಿಸಿದ್ದು ಎಲ್ಲಕ್ಕಿಂತ ತಲೆನೋವಿನದು: ಟಿಪಿ53, ಆರ್‌ಬಿ1 ಎಂಬ ಕಾವಲು ಜೀನ್‌ಗಳು ಕೆಟ್ಟಾಗ ಪ್ರಾಸ್ಟೇಟ್ ಕಣ ತನ್ನ ಜಾತಿಯನ್ನೇ ಬದಲಿಸಿಕೊಂಡು ಬೇರೆ ಬಗೆಯ ಕಣವಾಗುತ್ತದೆ. ಆಗ ಹಂಗು ನಿಜವಾಗಿಯೇ ಹೋಗಿರುತ್ತದೆ, ಗುರಿ ನಿಜವಾಗಿಯೇ ತಪ್ಪಿರುತ್ತದೆ. ನನ್ನ ವಾದದ ಗಡಿ ಇಲ್ಲಿದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಈ ಗಡಿ ಸಿಕ್ಕಿದ್ದೂ ಅದೇ ಪ್ರಶ್ನೆಯಿಂದ. ಹಂಗು ಇದೆಯೋ ಇಲ್ಲವೋ ಎಂದು ಪ್ರತಿ ಸಲ ಅಳೆದು ನೋಡಿದ್ದರಿಂದಲೇ, ಯಾವ ರೋಗಿಗೆ ಇನ್ನಷ್ಟು ಬಲವಾದ ತಡೆಮದ್ದು ಸಾಕು, ಯಾವ ರೋಗಿಗೆ ಬೇರೆಯೇ ದಾರಿ ಬೇಕು ಎಂದು ವಿಂಗಡಿಸುವುದು ಸಾಧ್ಯವಾಗುತ್ತಿದೆ.

ಕ್ಷಯಕ್ಕೂ ಎಚ್‌ಐವಿಗೂ ಮೊದಲ ದಿನದಿಂದಲೇ ಮೂರ್ನಾಲ್ಕು ಮದ್ದು ಒಟ್ಟಿಗೆ ಕೊಡುತ್ತಾರಲ್ಲ, ಕ್ಯಾನ್ಸರಿಗೂ ಹಾಗೇ ಕೊಟ್ಟರೆ ಸೋಲನ್ನು ಅಧ್ಯಯನ ಮಾಡುತ್ತ ಕೂರುವ ಅಗತ್ಯವೇ ಬಾರದು ಎಂಬ ವಾದವೂ ಇದೆ. ತತ್ವದಲ್ಲಿ ಸರಿ. ಇಲಿಗಳ ಮೇಲೆ ಅಸಿಮಿನಿಬ್ ಮತ್ತು ಅದೇ ಕಿಣ್ವವನ್ನು ತಡೆಯುವ ಇನ್ನೊಂದು ಮದ್ದಾದ ನಿಲೋಟಿನಿಬ್ ಎರಡನ್ನೂ ಸೇರಿಸಿ ಕೊಟ್ಟಾಗ ಚಿಕಿತ್ಸೆ ನಿಲ್ಲಿಸಿದ ಮೇಲೂ ಕಾಯಿಲೆ ಮರಳಲಿಲ್ಲ ಎಂದು 2017ರ ಅಧ್ಯಯನ ಹೇಳುತ್ತದೆ. ಆದರೆ ಯಾವ ಎರಡನ್ನು ಸೇರಿಸಬೇಕು? ಒಂದೇ ಬದಲಾವಣೆಯಿಂದ ಎರಡೂ ಸೋಲುವುದಾದರೆ ರೋಗಿಗೆ ದಕ್ಕುವುದು ಎರಡರ ಅಡ್ಡಪರಿಣಾಮ ಮಾತ್ರ. ಇಮ್ಯಾಟಿನಿಬ್ ಮತ್ತು ಡಾಸಾಟಿನಿಬ್ ಎರಡನ್ನೂ 315 ಸೋಲಿಸುತ್ತದೆಂದು ಗೊತ್ತಿಲ್ಲದವರು ಅವೆರಡನ್ನೂ ಜೋಡಿಸಿ ನಿಶ್ಚಿಂತರಾಗುತ್ತಿದ್ದರು. ಒಟ್ಟಿಗೆ ಕೊಡುವ ಚಿಕಿತ್ಸೆಗೂ ಬುನಾದಿ, ಒಂದೊಂದು ಹೇಗೆ ಸೋಲುತ್ತದೆ ಎಂಬ ತಿಳಿವಳಿಕೆಯೇ.

ಹಣದ ಮಾತು ಎತ್ತದಿದ್ದರೆ ಈ ಕಥೆ ಅಪೂರ್ಣ. 2009ರಲ್ಲಿ ಡ್ರೂಕರ್ ಮತ್ತು ಲೈಡನ್ ಜೊತೆ ಲಾಸ್ಕರ್ ಪ್ರಶಸ್ತಿ ಪಡೆದ ಸಾಯರ್ಸ್ 2013ರಲ್ಲಿ ನೊವಾರ್ಟಿಸ್ ನಿರ್ದೇಶಕ ಮಂಡಳಿಗೆ ಸೇರಿದರು. ಎನ್‌ಜಾಲುಟಮೈಡ್ ಹುಟ್ಟಿದ್ದು ಸಾರ್ವಜನಿಕ ವಿಶ್ವವಿದ್ಯಾಲಯದಲ್ಲಿ. ಅದರ ರಾಯಧನದ ಹಕ್ಕು 2016ರಲ್ಲಿ 114 ಕೋಟಿ ಡಾಲರಿಗೆ ಮಾರಾಟವಾಯಿತು. ಸೋಲಿನ ಅಧ್ಯಯನ ಕಂಪನಿಗಳಿಗೆ ದುಬಾರಿ ಮದ್ದುಗಳ ಸರಪಣಿ ಕಟ್ಟಿಕೊಡುತ್ತದೆ ಎಂಬ ಟೀಕೆಗೆ ಹುರುಳಿದೆ. ಆದರೆ ಅದಕ್ಕೆ ಮದ್ದು ವಿಜ್ಞಾನವನ್ನು ಹಳಿಯುವುದಲ್ಲ, ಪೇಟೆಂಟನ್ನು ಹದ್ದಿನಲ್ಲಿಡುವುದು. ಭಾರತ ಅದನ್ನು ಮಾಡಿ ತೋರಿಸಿದೆ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಗ್ಲಿವೆಕ್‌ನ ಪೇಟೆಂಟ್ ಅರ್ಜಿಯನ್ನು ಪೇಟೆಂಟ್ ಕಾಯ್ದೆಯ 3(ಡಿ) ಕಲಮಿನಡಿ ತಳ್ಳಿಹಾಕಿತು. ಕಂಪನಿಯ ಮದ್ದಿಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಬೀಳುತ್ತಿದ್ದ ಕಾಲದಲ್ಲಿ ಇಲ್ಲಿನ ಜೆನೆರಿಕ್ ಮಾತ್ರೆ ಹತ್ತು ಸಾವಿರದೊಳಗೆ ಸಿಗುತ್ತಿತ್ತು. ನೊವಾರ್ಟಿಸ್ ಮ್ಯಾಕ್ಸ್ ಫೌಂಡೇಶನ್ ಮೂಲಕ ಸಾವಿರಾರು ಭಾರತೀಯರಿಗೆ ಉಚಿತವಾಗಿ ಮಾತ್ರೆ ಹಂಚಿದ್ದನ್ನೂ ಇಲ್ಲಿ ಹೇಳುವುದು ನ್ಯಾಯ.

ಮಾತ್ರೆ ಅಗ್ಗವಾದರೂ ನಮ್ಮಲ್ಲಿ ಉಳಿದಿರುವ ತೊಡಕು ಬೇರೆ. ಕಾಯಿಲೆ ಮರುಕಳಿಸಿದ್ದೆಲ್ಲ ಜೀನ್ ಬದಲಾವಣೆಯಿಂದ ಅಲ್ಲ. ಲಂಡನ್ನಿನ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 87 ಸಿಎಂಎಲ್ ರೋಗಿಗಳ ಮಾತ್ರೆ ಡಬ್ಬಿಯ ಮುಚ್ಚಳಕ್ಕೆ ಎಲೆಕ್ಟ್ರಾನಿಕ್ ಸಾಧನ ಅಳವಡಿಸಿ ಮೂರು ತಿಂಗಳು ನೋಡಿದರು. ನೂರಕ್ಕೆ 90ಕ್ಕಿಂತ ಹೆಚ್ಚು ಮಾತ್ರೆಗಳನ್ನು ತಪ್ಪದೆ ನುಂಗಿದವರಲ್ಲಿ ಆರು ವರ್ಷದ ಹೊತ್ತಿಗೆ ಕಾಯಿಲೆ ಚೆನ್ನಾಗಿ ಹಿಡಿತಕ್ಕೆ ಬರುವ ಸಾಧ್ಯತೆ ನೂರಕ್ಕೆ 94.5; ಅದಕ್ಕಿಂತ ಕಡಿಮೆ ನುಂಗಿದವರಲ್ಲಿ 28.4. ಊರಿನಿಂದ ಬಸ್ಸು ಹಿಡಿದು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರಬೇಕಾದವರಿಗೆ, ಒಂದು ದಿನದ ಕೂಲಿ ಬಿಟ್ಟರೆ ಮನೆ ನಡೆಯದವರಿಗೆ, ಮೈ ಹಗುರವಾದ ಮೇಲೆ ಮಾತ್ರೆ ತಪ್ಪುವುದು ಬಲು ಸುಲಭ. ಆದ್ದರಿಂದ ಮನೆಯಲ್ಲಿ ಯಾರಾದರೂ ಇಂಥ ಮಾತ್ರೆಯ ಮೇಲಿದ್ದರೆ, ಗುಣವಾದಂತೆ ಕಂಡರೂ ವೈದ್ಯರು ಹೇಳುವವರೆಗೆ ಒಂದು ದಿನವೂ ಬಿಡಿಸಬೇಡಿ. ಹೇಳಿದ ತಿಂಗಳಿಗೆ ಬಿಸಿಆರ್-ಎಬಿಎಲ್ ರಕ್ತಪರೀಕ್ಷೆ ಮಾಡಿಸಿ. ಮದ್ದು ಹಿಡಿಯುತ್ತಿಲ್ಲ ಎಂದು ವೈದ್ಯರು ಹೇಳಿದರೆ ಕೈಚೆಲ್ಲಬೇಡಿ, ಬದಲಾವಣೆ ಯಾವುದೆಂದು ನೋಡುವ ಮ್ಯುಟೇಶನ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಸರ್ಕಾರವೂ ಆ ಪರೀಕ್ಷೆಯನ್ನು ಬೆಂಗಳೂರಿಗೆ ಸೀಮಿತಗೊಳಿಸದೆ ಜಿಲ್ಲೆಯ ರೋಗಿಗಳಿಗೂ ಉಚಿತವಾಗಿ ಸಿಗುವಂತೆ ಮಾಡಲಿ.